ಬಳೆಗೆ ತಾಗುವ ಹಿಡಿಕೆ

ನಮ್ಮ ಎದುರು ಫ್ಲ್ಯಾಟಿನ ಹುಡುಗಿ ಒಂದು ಭಾನುವಾರ ಬೆಳಿಗ್ಗೆ ಎರಡೂ ಕೈಯಲ್ಲಿ ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದಳು. ಕೈ ಖಾಲಿ ಇರಲಿಲ್ಲವೆಂದು ಮೊಣಕೈಯಿಂದ ಬೆಲ್ ಒತ್ತಿದ್ದಳು. ಬಾಗಿಲು ತೆಗೆದ ಕೂಡಲೇ ಅವಳು ಕೇಳಿದ್ದು, ಒಂದು ವಾರ ಇದನ್ನು ನಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತದೆಯೇ ಎಂದು.

ಅವಳ ಅಪ್ಪ ಕುಂದಾಪುರದ ಕಡೆಯವರು, ಇಲ್ಲೇ ಪುಣೆಯಲ್ಲಿ ಹೋಟೆಲ್ ನಡೆಸುತ್ತಾರೆ. ಮಗಳಿಗೆ ಮೊದಲಿನಿಂದಲೂ ಹೋಟೆಲಿನ ವ್ಯವಹಾರಕ್ಕಿಂತ ಅಲ್ಲಿನ ಕಪ್ಪು-ಬಸಿಗಳ ಆಕಾರದ ಮೇಲೆ ಹೆಚ್ಚು ಲಕ್ಷ್ಯ. ಚಹಾ ಕಪ್ಪಿನ ಕಿವಿಯೊಳಗೆ ದೊಡ್ಡವರ ಬೆರಳು ಯಾಕೆ ಹೋಗುವುದಿಲ್ಲ ಎಂದು ಕೇಳಿ ಕೇಳಿ ಅಪ್ಪನ ಜೀವ ತಿಂದವಳಂತೆ. ಆಮೇಲೆ ಡಿಸೈನ್ ಓದಿದಳು, ವಿಮಾನ ನಗರದಲ್ಲಿ ಒಂದು ಸಣ್ಣ ಕಂಪನಿ ಸೇರಿದಳು. ಆ ಕಂಪನಿ ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮಿನ ಕನ್ಸೋಲ್ ತಯಾರು ಮಾಡುತ್ತಿತ್ತು. ಹರೆಯದ ಹುಡುಗರಿಗಷ್ಟೇ ಅಲ್ಲ, ಮನೆಮಂದಿಗೆಲ್ಲ ಎನ್ನುವುದು ಅವರ ಮಾತು. ಪೆಟ್ಟಿಗೆಯ ಆಕಾರವೂ ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಆಕಾರವೂ ಅವಳ ಕೆಲಸ. ಅವಳೊಬ್ಬಳೇ ಪೂರ್ತಿಯಾಗಿ ಮಾಡಿದ ಮೊದಲನೆಯ ವಸ್ತು ಅದು.

ನಾನು ಏನು ಮಾಡಬೇಕು ಎಂದು ಕೇಳಿದೆ. ವಿಶೇಷ ಏನೂ ಬೇಡವಂತೆ. ಎಲ್ಲಿ ಇಡಬೇಕು ಅನ್ನಿಸುತ್ತದೋ ಅಲ್ಲಿ ಇಡಬೇಕು, ಆಡಬೇಕು ಅನ್ನಿಸಿದರೆ ಆಡಬೇಕು. ಮೊಬೈಲಿನ ಕ್ಯಾಮರಾವನ್ನು ಟಿವಿಯ ಕಡೆ ಮುಖ ಮಾಡಿ ಒಂದು ಸ್ಟ್ಯಾಂಡಿನಲ್ಲಿ ನಿಲ್ಲಿಸಿಕೊಟ್ಟಳು. ಪರದೆ ಕಾಣಬೇಕು, ಮಾತು ಕೇಳಬೇಕು, ನಮ್ಮ ಮುಖ ಮಾತ್ರ ಬೀಳಬಾರದು. ಹೀಗೆ ಐದು ಮನೆಗಳಿಗೆ ಹೋಗುವುದಿತ್ತು ಆ ಪೆಟ್ಟಿಗೆ. ನಮ್ಮದು ಮೊದಲನೆಯದು.

ಇಂಥ ಯಂತ್ರಗಳ ಬಗ್ಗೆ ನನಗೆ ಅಭಿಪ್ರಾಯ ಇರಲಿಲ್ಲ ಎಂದಲ್ಲ. ನನ್ನ ತಂಗಿಯ ಮನೆಯಲ್ಲಿ ಒಂದಿದೆ. ಕರಿ ಬಣ್ಣದ್ದು, ಟಿವಿಯ ಪಕ್ಕದಲ್ಲಿ ಬ್ಯಾಂಕಿನ ಬಾಗಿಲು ಕಾಯುವವನ ಹಾಗೆ ನಿಂತಿರುತ್ತದೆ. ಅದರ ಕಂಟ್ರೋಲರಿಗೆ ಏಡಿಯ ಕೊಂಡಿಗಳಂಥ ಎರಡು ಉದ್ದ ಹಿಡಿಕೆ, ಕೆಳಗೆ ಬೆರಳಿಗೆ ಬಂದೂಕಿನ ಕುದುರೆಯಂಥ ಗುಂಡಿ. ನನ್ನ ತಂಗಿ ವರ್ಷಗಟ್ಟಲೆ ಅದರ ಸುತ್ತ ಧೂಳು ಒರೆಸಿದ್ದಾಳೆ, ಒಮ್ಮೆಯೂ ಎತ್ತಿ ನೋಡಿಲ್ಲ. ಯಾರೂ ಅವಳಿಗೆ ಮುಟ್ಟಬೇಡ ಅಂದಿಲ್ಲ. ಆ ಆಕಾರವೇ ಅಂದಿದೆ. ಇನ್ನೊಂದನ್ನು ಮಾಲ್‌ನಲ್ಲಿ ನೋಡಿದ್ದೆ. ಬೆಳ್ಳಗೆ, ದುಂಡಗೆ, ಕೆಂಪು-ನೀಲಿ ಗುಂಡಿಗಳು. ನನ್ನ ಕೈ ಅದರ ಕಡೆ ಹೋಗಿತ್ತು. ನಮ್ಮ ಮನೆಯವರು ಪಕ್ಕದಲ್ಲಿ ನಿಂತು, "ಅಂಗನವಾಡಿ ಸಾಮಾನ ಇದ್ದಂಗ ಅದ ನೋಡು" ಅಂದರು, ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಒಳಗೆ ಯಾವ ಆಟ ಇದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಹೊರಗಿನ ರೂಪವೇ ಯಾರು ಬರಬೇಕು, ಯಾರು ಬರಬಾರದು ಎಂದು ಬಾಗಿಲಲ್ಲಿ ನಿಂತು ಹೇಳಿಬಿಡುತ್ತದೆ.

ಎದುರು ಮನೆಯವಳ ಪೆಟ್ಟಿಗೆ ಹಾಗಿರಲಿಲ್ಲ. ತಗ್ಗಾಗಿ, ಅಗಲವಾಗಿ, ಇಟ್ಟಿಗೆ ಬಣ್ಣದ್ದು. ಮೇಲೆ ಸಪಾಟು. ನೋಡಿದ ಕೂಡಲೇ ಇದು ನಮ್ಮ ಮನೆಯ ವಸ್ತು ಅನ್ನಿಸಿತು. ಹಾಗೆ ಅನ್ನಿಸಿದ್ದೇ ಎಡವಟ್ಟಾಯಿತು.

ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಅಲ್ಲಿಯ ಹೊಲಿಗೆ ಸಿಸ್ಟರ್ ನಮಗೆ ಕ್ರೋಶಾ ಕಲಿಸಿದ್ದರು. ಆವತ್ತಿನಿಂದ ಈವತ್ತಿನವರೆಗೆ ನಮ್ಮ ಮನೆಯಲ್ಲಿ ಸಪಾಟಾದ ಮೇಲ್ಮೈ ಇರುವ ಯಾವ ವಸ್ತುವೂ ಬರಿಮೈಯಲ್ಲಿ ಇದ್ದದ್ದಿಲ್ಲ. ಮಿಕ್ಸರಿಗೆ ಹೊದಿಕೆ ಇದೆ, ವಾಶಿಂಗ್ ಮಷೀನಿಗೆ ಇದೆ, ನೀರಿನ ಫಿಲ್ಟರಿಗೆ ಝಾಲರಿನದ್ದು ಇದೆ. ಮಂಗಳವಾರದ ಹೊತ್ತಿಗೆ ಕನ್ಸೋಲಿಗೂ ಒಂದು ಬಿಳಿ ಕ್ರೋಶಾ ಹೊದಿಕೆ ಸಿಕ್ಕಿತು. ಅದರ ಮೇಲೆ ಒಂದು ಹಿತ್ತಾಳೆ ಆನೆಯನ್ನೂ ಇಟ್ಟೆ. ಬುಧವಾರ ಮಧ್ಯಾಹ್ನ ನಾನು ಆಡುತ್ತಿದ್ದಾಗ ಪೆಟ್ಟಿಗೆ ಒಂದು ಸಲ ಜೋರಾಗಿ ಉಸಿರು ಬಿಟ್ಟು ಬಂದ್ ಆಯಿತು. ಮುಟ್ಟಿದರೆ ಹಂಚಿನ ಹಾಗೆ ಸುಡುತ್ತಿತ್ತು.

ಸಂಜೆ ಅವಳನ್ನು ಕರೆದು, ತಪ್ಪಾಯಿತು ಎಂದೆ. ಅವಳು ಹೊದಿಕೆಯನ್ನು ಎತ್ತಿ, ಅದರ ಕೆಳಗೆ ಮುಚ್ಚಿಹೋಗಿದ್ದ ಗಾಳಿಯ ಸೀಳುಗಳನ್ನು ನೋಡಿ, ಸೋಫಾದ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಆನೆ ಬೇರೆ ಉಂಟಲ್ಲ ಅಕ್ಕ ಮೇಲೆ."

"ನೀ ಮ್ಯಾಲೆ ಸಪಾಟ ಮಾಡಿದ್ದು ಯಾಕ ಮತ್ತ? ಸಪಾಟ ಇದ್ದಲ್ಲೆ ಆನಿ ಕೂಡತದ."

ಅವಳು ನಗು ನಿಲ್ಲಿಸಿ ಅದನ್ನು ಬರೆದುಕೊಂಡಳು. ಗಾಳಿಯ ಸೀಳುಗಳನ್ನು ಪಕ್ಕಕ್ಕೆ ಸರಿಸಿ, ಮೇಲ್ಮೈಗೆ ಸ್ವಲ್ಪ ಇಳಿಜಾರು ಕೊಟ್ಟಳೆಂದು ಆಮೇಲೆ ತಿಳಿಯಿತು. ಬೇರೆ ಯಾರಾದರೂ ಆಗಿದ್ದರೆ ಜೊತೆಗೆ ಕೊಡುವ ಪುಸ್ತಕದಲ್ಲಿ 'ಬಟ್ಟೆ ಮುಚ್ಚಬೇಡಿ' ಎಂದು ಅಚ್ಚು ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಈ ಹುಡುಗಿಯ ಮೇಲೆ ನನಗೆ ಭರವಸೆ ಬಂದದ್ದು ಆವತ್ತು.

ಆಟಗಳಲ್ಲಿ ನನಗೆ ಹಿಡಿಸಿದ್ದು ಒಂದು ದೋಣಿಯದ್ದು. ನದಿಯ ಕಲ್ಲುಗಳ ನಡುವೆ ಮಣ್ಣಿನ ಗಡಿಗೆಗಳು ಒಡೆಯದಂತೆ ಆಚೆ ದಡಕ್ಕೆ ಒಯ್ಯಬೇಕು. ಅಡಿಗೆ ಮುಗಿಸಿ, ನೆಲದ ಮೇಲೆ ಚಾಪೆ ಹಾಸಿ, ಕಾಲು ಮಡಚಿ ಕುಳಿತು ಆಡುತ್ತಿದ್ದೆ. ನಮ್ಮ ಮನೆಯವರು ದೇಹೂ ರೋಡಿನ ಆಫೀಸಿನಿಂದ ಬಂದವರು ಮೊದಲ ದಿನ ನಿಂತು ನೋಡಿದರು. ಎರಡನೆಯ ದಿನ, ನಾನು ಗಡಿಗೆ ಒಡೆದುಕೊಂಡಾಗಲೆಲ್ಲ ನಾಲಿಗೆಯಿಂದ ಲೊಚಗುಟ್ಟಿದರು. ಮೂರನೆಯ ದಿನ ಶರ್ಟನ್ನೂ ಬದಲಿಸದೆ ಪಕ್ಕದಲ್ಲಿ ಕುಳಿತು, ತಮಗೊಂದು ಸರತಿ ಕೇಳಿದರು. ವಾರ ಮುಗಿದು ಪೆಟ್ಟಿಗೆ ಹೋದ ಮೇಲೆ ಟಿವಿಯ ಕೆಳಗಿನ ಜಾಗ ನಮ್ಮಿಬ್ಬರಿಗೂ ಖಾಲಿ ಖಾಲಿ ಕಂಡಿತು.

ಒಂದೂವರೆ ತಿಂಗಳು ಕಳೆದಿರಬೇಕು. ಒಂದು ಬುಧವಾರ ಬೆಳಿಗ್ಗೆ, ಆಫೀಸಿಗೆ ಹೋಗಬೇಕಾದ ಹೊತ್ತಿನಲ್ಲಿ, ಅವಳು ನಮ್ಮ ಬಾಗಿಲಿಗೆ ಬಂದಳು. ರಜೆ ಹಾಕಿದ್ದಳಂತೆ. ಕೂದಲಿಗೆ ಎಣ್ಣೆ ಹಚ್ಚಿ ಗಂಟು ಕಟ್ಟಿದ್ದಳು. ಆ ಹುಡುಗಿ ಮನಸ್ಸು ಕೆಟ್ಟಾಗ ಮಾತ್ರ ಎಣ್ಣೆ ಹಚ್ಚುತ್ತಾಳೆ. ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಒಲೆಯ ಹತ್ತಿರದ ಸ್ಟೂಲಿನ ಮೇಲೆ ಕುಳಿತು ಅವಳು ಹೇಳಿದ್ದು ಇದು.

ಐದು ಮನೆಗಳ ಪರೀಕ್ಷೆಯೂ ಮುಗಿದಿತ್ತು. ರೆಕಾರ್ಡಿಂಗುಗಳಲ್ಲಿ ಕಂಟ್ರೋಲರಿನಿಂದ ಟಿಕ್ ಟಿಕ್ ಎಂದು ಒಂದು ಸಪ್ಪಳ ಬರುತ್ತಿತ್ತು, ನಾಲ್ಕು ಮನೆಗಳಲ್ಲಿ. ಗುಂಡಿಯ ಕೆಳಗಿನ ಸ್ಪ್ರಿಂಗ್ ಸಡಿಲಾಗಿದೆ ಎಂದು ಎಂಜಿನಿಯರುಗಳು ಎಲ್ಲ ಕಂಟ್ರೋಲರುಗಳನ್ನೂ ಬಿಚ್ಚಿ ನೋಡಿದರು. ಏನೂ ಸಿಗಲಿಲ್ಲ. ಆಫೀಸಿನಲ್ಲಿ ತಾವೇ ಗಂಟೆಗಟ್ಟಲೆ ಆಡಿದರು. ಒಂದು ಟಿಕ್ ಸಹ ಇಲ್ಲ. ಮತ್ತೆ ಮನೆಗೆ ಕೊಟ್ಟರೆ ಮತ್ತೆ ಸಪ್ಪಳ. ಕಾರಣ ಸಿಗುವ ದೋಷವನ್ನು ರಿಪೇರಿ ಮಾಡಬಹುದು, ಕಾರಣವೇ ಸಿಗದ ದೋಷವನ್ನು ಅಂಗಡಿಗೆ ಕಳಿಸಲಾಗದು ಎಂದು ಅವರ ಸಾಹೇಬರು ಹೇಳಿದ್ದರು. ಆಕಾರದಲ್ಲೇ ಏನೋ ತಪ್ಪಿದೆ ಎಂದು ಅವರ ತೀರ್ಮಾನ. ಹೊರಗಿನಿಂದ ಸಿದ್ಧವಾಗಿ ಸಿಗುವ ಒಂದು ಕರಿ ಕಂಟ್ರೋಲರನ್ನು ತರಿಸಿಟ್ಟಿದ್ದರು. ಶುಕ್ರವಾರ ಅದನ್ನೇ ಗಟ್ಟಿ ಮಾಡುವವರಿದ್ದರು.

"ಆಮೇಲೆ ನಿನ್ನ ಕೆಲಸ?" ಎಂದೆ.

"ನನ್ನನ್ನು ಡಬ್ಬದ ಕೆಲಸಕ್ಕೆ ಹಾಕ್ತಾರೆ ಅಕ್ಕ. ಹೊರಗಿನ ರಟ್ಟಿನ ಡಬ್ಬ ಉಂಟಲ್ಲ, ಅದರ ಮೇಲೆ ಚಿತ್ರ ಎಲ್ಲಿ ಬರಬೇಕು ಅಂತ ನೋಡುದು."

ಅಳಲಿಲ್ಲ. ಹೇಳಿ, ನನ್ನ ಅಡಿಗೆಮನೆಯ ಡಬ್ಬಗಳನ್ನೇ ನೋಡುತ್ತ ಕುಳಿತಳು. ಎರಡು ವರ್ಷದ ಕೆಲಸ ಅದು. ಆ ಕರಿ ಕಂಟ್ರೋಲರ್ ಬಂದರೆ ಅವಳ ಇಟ್ಟಿಗೆ ಬಣ್ಣದ ಪೆಟ್ಟಿಗೆಯೂ ನನ್ನ ತಂಗಿಯ ಮನೆಯ ಯಂತ್ರದ ಸಾಲಿಗೇ ಸೇರುತ್ತದೆ ಎಂದು ನನಗೆ ಅನ್ನಿಸಿತು. ಪೆಟ್ಟಿಗೆ ಟಿವಿಯ ಕೆಳಗೆ ಸುಮ್ಮನಿರುತ್ತದೆ. ಕೈಗೆ ಬರುವುದು ಕಂಟ್ರೋಲರ್ ಮಾತ್ರ.

ಸಪ್ಪಳ ಕೇಳಿಸು ಎಂದೆ. ಅವಳು ಲ್ಯಾಪ್‌ಟಾಪ್ ತಂದು ಊಟದ ಟೇಬಲಿನ ಮೇಲೆ ಇಟ್ಟಳು. ಕಾಣುವುದು ಬರೀ ಟಿವಿಯ ಪರದೆ, ನದಿ, ದೋಣಿ. ಹಿಂದೆ ಯಾವುದೋ ಮನೆಯ ಫ್ಯಾನು, ಯಾರೋ ಮರಾಠಿಯಲ್ಲಿ ಹಾಲು ಇಳಿಸು ಅನ್ನುವುದು. ದೋಣಿ ತಿರುಗಿದಾಗಲೆಲ್ಲ ಟಿಕ್. ಜೋರಾಗಿ ತಿರುಗಿದರೆ ಟಿಕ್ ಟಿಕ್.

ನಮ್ಮ ಕಾನ್ವೆಂಟಿನಲ್ಲಿ ಬಳೆ ತೊಡುವ ಹಾಗಿರಲಿಲ್ಲ. ಹಬ್ಬದ ಮರುದಿನ ಮಾತ್ರ ತೆಗೆಯಲು ಬಾರದ ಬಳೆಗಳೊಂದಿಗೆ ನಾವು ಕ್ಲಾಸಿಗೆ ಬರುತ್ತಿದ್ದೆವು. ಬರೆಯುವಾಗ ಡೆಸ್ಕಿನ ಅಂಚಿಗೆ ಅವು ತಾಗುತ್ತಿದ್ದವು. ಸಿಸ್ಟರ್ ಬೋರ್ಡಿನ ಕಡೆ ಮುಖ ಮಾಡಿಕೊಂಡೇ, ಹಿಂದೆ ತಿರುಗದೆ, ಯಾವ ಬೆಂಚಿನ ಯಾವ ಹುಡುಗಿ ಎಂದು ಹೇಳುತ್ತಿದ್ದರು. ಆ ಸಪ್ಪಳ ನನ್ನ ಕಿವಿಗೆ ಹೊಸದಲ್ಲ.

"ಇದು ಸ್ಪ್ರಿಂಗ್ ಅಲ್ಲ ತಾಯಿ," ಎಂದೆ. "ಬಳಿ."

ಅವಳಿಗೆ ಅರ್ಥವಾಗಲಿಲ್ಲ. ನಾನು ಕೈ ಎತ್ತಿ ಟೇಬಲಿನ ಅಂಚಿಗೆ ತಾಗಿಸಿ ತೋರಿಸಿದೆ. ಅವಳು ನನ್ನ ಕೈ ನೋಡಿದಳು, ತನ್ನ ಕೈ ನೋಡಿಕೊಂಡಳು. ಅವಳ ಕೈಯಲ್ಲಿ ಒಂದು ರಬ್ಬರ್ ಪಟ್ಟಿಯ ಗಡಿಯಾರ, ಅಷ್ಟೇ.

ಉಳಿದವನ್ನೂ ಕೇಳಿದೆ. ಎರಡನೆಯ ಮನೆಯಾಕೆಯದ್ದು ಗಾಜು ಮಾತ್ರ. ಮೂರನೆಯ ಮನೆಯಲ್ಲಿ ಗಾಜಿನ ನಡುವೆ ಚಿನ್ನದ ಪಾಟ್ಲಿ ಇರಬೇಕು, ಸಪ್ಪಳ ಸ್ವಲ್ಪ ದಪ್ಪ. ನಾಲ್ಕನೆಯ ಮನೆಯಲ್ಲಿ ಸಪ್ಪಳವೇ ಇಲ್ಲ. ಆಕೆಗೆ ದಿನವೂ ಗ್ಲೌಸ್ ಹಾಕುವ ಕೆಲಸ ಏನಾದರೂ ಇದೆಯೇ ಎಂದು ಕೇಳಿದೆ. ಹಲ್ಲಿನ ಡಾಕ್ಟರಂತೆ. ಹುಡುಗಿ ನನ್ನನ್ನು ಜ್ಯೋತಿಷಿಯನ್ನು ನೋಡುವ ಹಾಗೆ ನೋಡಿದಳು. ನನಗೂ ಒಳಗೊಳಗೇ ಹಿಗ್ಗು, ಸುಳ್ಳು ಯಾಕೆ ಹೇಳಲಿ. ಆದರೆ ಮೊದಲನೆಯ ರೆಕಾರ್ಡಿಂಗ್ ಹಾಕಿದಾಗ ಆ ಹಿಗ್ಗು ಇಳಿಯಿತು. ಅದು ನಮ್ಮ ಮನೆಯದ್ದು. ಎಲ್ಲಕ್ಕಿಂತ ಹೆಚ್ಚು ಟಿಕ್ ಟಿಕ್ ಅದರಲ್ಲೇ ಇತ್ತು. ಒಂದು ವಾರ ಆಡಿದರೂ ನನಗೆ ಅದು ಕೇಳಿಸಿರಲೇ ಇಲ್ಲ. ಮದುವೆಯಾದ ದಿನದಿಂದ ಈ ಹಸಿರು ಬಳೆಗಳು ಕೈಯಲ್ಲಿವೆ. ತಮ್ಮ ಉಸಿರಾಟ ಯಾರಿಗೆ ಕೇಳಿಸುತ್ತದೆ.

ಯಾಕೆ ತಾಗುತ್ತವೆ ಎನ್ನುವುದನ್ನು ಅವಳೇ ಕಂಡುಹಿಡಿದಳು. ಆಫೀಸಿನಲ್ಲಿ ಹುಡುಗರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, ಕೈ ಎತ್ತಿ ಆಡುತ್ತಾರೆ. ನಾವು ನೆಲದ ಮೇಲೆ ಕುಳಿತು, ಕೈ ಮಡಿಲಿಗೆ ಇಳಿಬಿಟ್ಟು ಆಡುತ್ತೇವೆ. ಬಳೆಗಳು ಮುಂಗೈಗೆ ಜಾರಿ ಬರುತ್ತವೆ. ಕಂಟ್ರೋಲರಿನ ಹಿಡಿಕೆಗಳ ತುದಿ ಅಂಗೈ ದಾಟಿ ಹೊರಗೆ ಚಾಚಿಕೊಂಡಿರುತ್ತದೆ, ಅದಕ್ಕೇ ಹೊಡೆಯುತ್ತವೆ. ಅವಳ ಮೊದಲಿನ ಚಿತ್ರದಲ್ಲಿ ಹಿಡಿಕೆ ಅಷ್ಟು ಉದ್ದ ಇರಲಿಲ್ಲವಂತೆ. ಗತ್ತು ಸಾಲದು ಎಂದು ಸಾಹೇಬರು ಎಳೆಸಿದ್ದು.

ಗುರುವಾರ ಅವಳು ಸಾಹೇಬರಿಂದ ಹತ್ತು ನಿಮಿಷ ಕೇಳಿಕೊಂಡು ಬಂದಳು, ನಾನೇ ಆಫೀಸಿಗೆ ಹೋಗಿ ತೋರಿಸಲಿಕ್ಕೆ. ನಮ್ಮ ಮನೆಯವರಿಗೆ ಹೇಳಿದಾಗ ಅವರು ಪೇಪರ್ ಕೆಳಗಿಳಿಸಿದರು.

"ನೀ ಅಲ್ಲೆ ಹೋಗಿ ಏನ್ ಮಾತಾಡ್ತಿ? ಅವರೆಲ್ಲಾ ಎಂಜಿನಿಯರ್ ಮಂದಿ."

"ಅವರ ಕೈಯಾಗ ಬಳಿ ಇಲ್ಲಲ್ಲರೀ," ಎಂದೆ. ಪೇಪರ್ ಮತ್ತೆ ಮೇಲೆ ಹೋಯಿತು. ಅದರ ಹಿಂದೆ ಅವರು ನಗುತ್ತಿದ್ದರು, ಅಂಚು ಅಲ್ಲಾಡುತ್ತಿತ್ತು.

ಶುಕ್ರವಾರ ಒಳ್ಳೆಯದೊಂದು ಇಳಕಲ್ ಸೀರೆ ಉಟ್ಟು ಹೋದೆ. ಗಾಜಿನ ಕೋಣೆ, ಉದ್ದ ಟೇಬಲ್. ಸಾಹೇಬರು ಐವತ್ತರ ಆಸುಪಾಸಿನವರು, ಮೂವರು ಎಂಜಿನಿಯರುಗಳು. ಟೇಬಲಿನ ಮೇಲೆ ಎರಡು ಕಂಟ್ರೋಲರ್ ಪಕ್ಕ ಪಕ್ಕ, ಇಟ್ಟಿಗೆ ಬಣ್ಣದ್ದು ಮತ್ತು ಕರಿದು. ಸಾಹೇಬರು ಬಹಳ ಮರ್ಯಾದೆಯಿಂದ "ಯಾ, ವಹಿನಿ", ಬನ್ನಿ ಅತ್ತಿಗೆ, ಎಂದು ಕುರ್ಚಿ ತೋರಿಸಿದರು. ನೆಲದ ಮೇಲೆ ಕುಳಿತರೆ ನಡೆದೀತೇ ಎಂದು ನಾನು ಮರಾಠಿಯಲ್ಲಿ ಕೇಳಿದೆ. ಅವರು ಗಾಬರಿಯಾಗಿ ತಾವೂ ಎದ್ದು ನಿಂತರು. ನಾನು ಕಾರ್ಪೆಟ್ಟಿನ ಮೇಲೆ ಕಾಲು ಮಡಚಿ ಕುಳಿತು, ಇಟ್ಟಿಗೆ ಬಣ್ಣದ್ದನ್ನು ತೆಗೆದುಕೊಂಡು ಆಡಿದೆ. ಟಿಕ್. ಟಿಕ್ ಟಿಕ್. ಎಂಜಿನಿಯರುಗಳು ಮುಂದಕ್ಕೆ ಬಾಗಿದರು. ಆಮೇಲೆ ಬಳೆಗಳನ್ನು ಮೊಣಕೈ ಕಡೆಗೆ ಏರಿಸಿ, ಕರವಸ್ತ್ರ ಕಟ್ಟಿ ಆಡಿದೆ. ಕೋಣೆಯಲ್ಲಿ ಏಸಿಯ ಸಪ್ಪಳ ಮಾತ್ರ. ಕರವಸ್ತ್ರ ಬಿಚ್ಚಿ ಕರಿಯದನ್ನು ತೆಗೆದುಕೊಂಡೆ. ಅದು ಇನ್ನೂ ಜೋರಾಗಿ ಬಡಿದುಕೊಂಡಿತು, ಅದರ ಕೊಂಡಿಗಳು ಇನ್ನೂ ಉದ್ದ.

ಸಾಹೇಬರು ಬುದ್ಧಿವಂತರು, ತಕ್ಷಣ ಅರ್ಥ ಮಾಡಿಕೊಂಡರು. ಹಾಗಾದರೆ ದೋಷವೇ ಇಲ್ಲ ಎಂದರು. ಪುಸ್ತಕದಲ್ಲಿ ಒಂದು ಸಾಲು ಹಾಕಿದರಾಯಿತು, ಆಡುವ ಮೊದಲು ಬಳೆ ತೆಗೆದಿಡಿ ಎಂದು.

ಆವತ್ತು ನಾನು ಸಿಟ್ಟಿಗೇಳಲಿಲ್ಲ. ಆದರೆ ಬಿಡಲೂ ಇಲ್ಲ. ನಮ್ಮ ಕಡೆ ಮುತ್ತೈದೆಯ ಕೈ ಪೂರ್ತಿ ಬರಿದು ಮಾಡುವುದಿಲ್ಲ, ಹೊಸದು ಏರಿಸುವಾಗಲೂ ಹಳೆಯದೊಂದನ್ನು ಉಳಿಸಿಕೊಂಡೇ ಏರಿಸುತ್ತೇವೆ ಎಂದು ಹೇಳಿದೆ. ತಮ್ಮ ಮನೆಯಲ್ಲಿಯೂ ಹಾಗೇ ಇರಬಹುದು, ಕೇಳಿ ನೋಡಿ ಎಂದೆ. ಆಮೇಲೆ ಹೇಳಬೇಕೆಂದುಕೊಂಡೇ ಹೋಗಿದ್ದ ಮಾತು ಹೇಳಿದೆ.

"ನನ್ನ ಕೈಯೊಳಗಿನದನ್ನು ತೆಗೆದಿಟ್ಟು ಮುಟ್ಟಬೇಕಾದ ವಸ್ತು ನನ್ನ ಮನೆಯದ್ದು ಹೇಗಾಗುತ್ತದೆ, ಸರ್?"

ಸಾಹೇಬರು ಹುಡುಗಿಯ ಕಡೆ ನೋಡಿದರು. ಅವಳು ಚೀಲದಿಂದ ಹಗುರವಾದ ಥರ್ಮಾಕೋಲಿನಂಥದರಲ್ಲಿ ಕೆತ್ತಿದ ಒಂದು ಮಾದರಿ ತೆಗೆದಳು. ಅವಳ ಮೊದಲಿನ ಚಿತ್ರದ್ದೇ ಆಕಾರ, ಹೊರಗೆ ಚಾಚಿದ ಹಿಡಿಕೆಗಳಿಲ್ಲದ್ದು. ಅರ್ಧಚಂದ್ರದ ಹಾಗೆ, ಎರಡೂ ತುದಿ ಅಂಗೈಯೊಳಗೇ ಮುಗಿಯುವಂಥದ್ದು. ಸಾಹೇಬರು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಇದು ಕರಂಜಿ" ಎಂದರು. ಎಂಜಿನಿಯರುಗಳು ನಕ್ಕರು. ದೀಪಾವಳಿಗೆ ನಾವು ಮಾಡುವ ಕರ್ಚಿಕಾಯಿಗೆ ಮರಾಠಿಯವರು ಕರಂಜಿ ಅನ್ನುತ್ತಾರೆ. ಹುಡುಗಿಯ ಕಿವಿ ಕೆಂಪಾಯಿತು. ಯಾವ ಗಿರಾಕಿ ಕರಂಜಿ ಹಿಡಿದುಕೊಂಡು ಯುದ್ಧದ ಆಟ ಆಡುತ್ತಾನೆ ಎಂದು ಒಬ್ಬ ಕೇಳಿದ.

ಎರಡು ವರ್ಷದ ಕೆಲಸ ಒಂದು ಹಾಸ್ಯದ ಮಾತಿನಲ್ಲಿ ಮುಳುಗುವುದರಲ್ಲಿತ್ತು. ನಾನು ಇನ್ನೂ ನೆಲದ ಮೇಲೇ ಇದ್ದೆ. ಅಲ್ಲಿಂದಲೇ ಹೇಳಿದೆ: ಕರಂಜಿಯನ್ನು ಹೇಗೆ ಹಿಡಿಯಬೇಕು ಎಂದು ಈ ಊರಿನಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಬಿಗಿ ಹಿಡಿದರೆ ಒಡೆದು ಹೂರಣ ಚೆಲ್ಲುತ್ತದೆ, ಸಡಿಲ ಬಿಟ್ಟರೆ ಬೀಳುತ್ತದೆ. ಮಕ್ಕಳೂ ಮುದುಕರೂ ಅಳತೆ ಹಾಕಿದಂತೆ ಹಿಡಿಯುತ್ತಾರೆ. ಆ ಕರಿಯದನ್ನು ನೋಡಿದರೆ ನಾನು ಹಿಂದೆ ಸರಿಯುತ್ತೇನೆ. ಇದಕ್ಕೆ ಕೈ ತಾನಾಗಿ ಮುಂದೆ ಬರುತ್ತದೆ. ನೀವು ತಮಾಷೆಗೆ ಅಂದಿರಿ ಸರ್, ಆದರೆ ಅಷ್ಟು ಒಳ್ಳೆಯ ಹೆಸರು ನಾವು ಕುಳಿತು ಹುಡುಕಿದರೂ ಸಿಗುತ್ತಿರಲಿಲ್ಲ.

ಹತ್ತು ನಿಮಿಷ ಯಾವಾಗಲೋ ಮುಗಿದಿತ್ತು. ಸಾಹೇಬರು ಮಾದರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೆಬ್ಬೆರಳುಗಳನ್ನು ಆಡಿಸುತ್ತ ಕಿಟಕಿಯ ಹತ್ತಿರ ನಿಂತಿದ್ದರು. ಶುಕ್ರವಾರದ ತೀರ್ಮಾನ ಸೋಮವಾರಕ್ಕೆ ಹೋಯಿತು. ಮಾದರಿಯನ್ನು ಅವರು ತಮ್ಮ ಚೀಲಕ್ಕೆ ಹಾಕಿಕೊಂಡರು.

ಆ ಶನಿವಾರ, ಭಾನುವಾರ ಹುಡುಗಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಎಷ್ಟು ಸಲ ಓಡಾಡಿದಳೋ ಲೆಕ್ಕವಿಲ್ಲ. ಬಂದು ಫ್ರಿಜ್ಜಿನ ಬಾಗಿಲು ತೆಗೆದು ಹಾಕಿ ಹೋಗುತ್ತಿದ್ದಳು. ನನಗೆ ಮಾತ್ರ ಆಗುತ್ತದೆ ಅನ್ನಿಸಿತ್ತು. ಒಂದು ವಸ್ತುವನ್ನು ಬೇಡ ಎನ್ನುವವರು ಅದನ್ನು ಮನೆಗೆ ಒಯ್ಯುವುದಿಲ್ಲ.

ಸೋಮವಾರ ಸಾಹೇಬರು ಮೀಟಿಂಗಿಗೆ ತಡವಾಗಿ ಬಂದರಂತೆ. ಅವರ ತಾಯಿಗೆ ಎಂಬತ್ತು ದಾಟಿದೆ. ಮಾದರಿ ಸೋಫಾದ ಮೇಲೆ ಬಿದ್ದದ್ದು ನೋಡಿ ಆಕೆ ಎತ್ತಿಕೊಂಡು, ಇದರೊಳಗೆ ಏನು ತುಂಬುತ್ತಾರೆ ಎಂದು ಕೇಳಿದ್ದಾರೆ. ಭಾನುವಾರವೆಲ್ಲ ಟಿವಿ ನೋಡುತ್ತ ಕೈಯಲ್ಲಿ ಹಿಡಿದುಕೊಂಡೇ ಇದ್ದರಂತೆ. ಮನೆಯಲ್ಲಿರುವ ಟಿವಿ ರಿಮೋಟನ್ನು ಆಕೆ ಇವತ್ತಿನವರೆಗೆ ಮುಟ್ಟಿದವರಲ್ಲ. ಇಷ್ಟನ್ನು ಹೇಳಿ ಸಾಹೇಬರು ಕರಿ ಕಂಟ್ರೋಲರನ್ನು ಅದರ ಡಬ್ಬಕ್ಕೆ ಹಾಕಿ, ವಾಪಸು ಕಳಿಸಿ ಎಂದರಂತೆ.

ಆಮೇಲೂ ಕೆಲಸ ಬೇಕಾದಷ್ಟಿತ್ತು. ತುದಿಗಳನ್ನು ಇನ್ನೊಂದು ಬೆರಳಿನಷ್ಟು ಒಳಗೆ ತೆಗೆದುಕೊಳ್ಳಬೇಕಾಯಿತು, ಬ್ಯಾಟರಿಗೆ ಜಾಗ ಸಾಲದೆ ಹೊಟ್ಟೆ ಸ್ವಲ್ಪ ಉಬ್ಬಿತು. ಐದೂ ಮನೆಗಳಿಗೆ ಮತ್ತೊಮ್ಮೆ ಹೋಗಿ ಬಂತು. ನಮ್ಮ ಮನೆಯವರು ಈ ಸಲ ಸರತಿ ಕೇಳಲಿಲ್ಲ, ನಾನು ಕೇಳಬೇಕಾಯಿತು.

ಕಳೆದ ಗುರುವಾರ ಸಂಜೆ ಹುಡುಗಿ ಬಂದು ಅದೇ ಸ್ಟೂಲಿನ ಮೇಲೆ ಕುಳಿತಳು. ತಲೆಗೆ ಎಣ್ಣೆ ಇರಲಿಲ್ಲ.

"ಅಕ್ಕ, ಅಚ್ಚಿಗೆ ಹೋಯ್ತು."

ಉಕ್ಕಿನಲ್ಲಿ ಅಚ್ಚು ಕೊರೆದ ಮೇಲೆ ಯಾರೂ ಹಿಡಿಕೆ ಎಳೆಸಲಾರರು. ಅವಳು ಡಬ್ಬದ ಕೆಲಸಕ್ಕೆ ಹೋಗುವುದಿಲ್ಲ. ನಾನು ಒಲೆ ಆರಿಸಿ ಅವಳ ಪಕ್ಕ ಕುಳಿತೆ. ಬಣ್ಣ ಯಾವುದು ಎಂದು ಕೇಳಿದೆ. ಕಂಟ್ರೋಲರ್ ಇಟ್ಟಿಗೆ ಬಣ್ಣದ್ದೇ, ಆದರೆ ಪೆಟ್ಟಿಗೆಯಾದರೂ ಕರಿ ಇರಲಿ ಎಂದು ಸಾಹೇಬರು ಹಟ ಹಿಡಿದಿದ್ದಾರಂತೆ.

"ಕರಿದರ ಮ್ಯಾಲೆ ಧೂಳ ಎಷ್ಟ ಕಾಣತದ ಅಂತ ಹೇಳಬೇಕಿಲ್ಲೇನವಾ?"

"ಹೇಳಿದೆ. ಅದನ್ನು ವಹಿನಿಯೇ ಬಂದು ಹೇಳಲಿ ಅಂದ್ರು. ಮಂಗಳವಾರ ಬರ್ಲಿಕ್ಕೆ ಆಗ್ತದಾ ಅಂತ ಕೇಳ್ಲಿಕ್ಕೆ ಹೇಳಿದ್ದಾರೆ."

ಹನ್ನೊಂದರ ನಂತರ ಆದರೆ ಬರುತ್ತೇನೆ ಎಂದೆ. ಅಡಿಗೆ ಮುಗಿದಿರುತ್ತದೆ.